ಶಾವಂತ್ರವ್ವನ ರಿಪೋರ್ಟ್ ವಿಮೋಚನೆಯ ಮಹಾಸಮರ

“ಹೆತ್ತ ಅವ್ವನ ಮೊಬೈಲ್ ನಂಬರ್ ಯಾವುದಂತ ಗೊತ್ತಿಲ್ಲ! ನೀವೆಂಥ ಮಗಾರೀ?”

ಹುಬ್ಬಳ್ಳಿ ಮಹಾನಗರದ ಗಗನಚುಂಬಿಯೂ ಗಾಜುಗೋಡೆಭೂಷಿತವೂ ಫಿನೈಲಪರಿಮಳವಾಸಿತವೂ ಆದ ಒಂದು ದೊಡ್ಡಾಸ್ಪತ್ರೆಯ ನೆಲಮಹಡಿಯಲ್ಲಿ, ನೋಂದಣಿ ಕೌಂಟರಿನ ಮುಂದೆ, ಕೆಮ್ಮುವವರು ಕೆಮ್ಮನ್ನು ತಡೆಹಿಡಿದು, ನರಳುವವರು ನರಳುವುದನ್ನೇ ಮರೆತು ಕತ್ತು ಚಾಚಿ ಕೇಳುತ್ತಿರಲು, ಈ ವಾಕ್ಯವು ಹೊರಟಿತು. ಹೊರಟು, ಗಾಜಿನ ಕಿಂಡಿಯ ಅರ್ಧಚಂದ್ರಾಕಾರದ ತೂತಿನಿಂದ ಬಾಣದಂತೆ ನುಗ್ಗಿ, ಗದಗಿನ ಹೂಗಾರ ಓಣಿಯ ಟಂಟಂ ಸಾರಥಿ, ತ್ರಿಚಕ್ರರಥಾರೂಢ, ಹಾರ್ನ್‌ಘೋಷಭಯಂಕರ, ಒಂಬತ್ತನೆಯ ಇಯತ್ತೆಯ ಗಣಿತಕ್ಕೆ ಒಮ್ಮೆ ಬೆನ್ನು ತೋರಿಸಿದ ಮೇಲೆ ಮತ್ತಾರಿಗೂ ಬೆನ್ನು ತೋರಿಸದ ಮಹಾವೀರ ಫಕ್ಕೀರೇಶನ ಎದೆಯಲ್ಲಿ ನಾಟಿ ನಿಂತಿತು.

ಎಸೆದವಳು ರೋಹಿಣಿ. ಕೌಂಟರಿನ ಅಧಿದೇವತೆ, ಕೀಲಿಮಣೆಕುಶಲೆ, ಹೆಡ್‌ಫೋನ್‌ಕರ್ಣಾಭರಣೆ. ಎಸೆದ ಮೇಲೆ ಆಕೆ ಮಾಡಿದ್ದೇನು? ಬಾಟಲಿಯಿಂದ ಒಂದು ಗುಟುಕು ನೀರು ಕುಡಿದಳು, ಅಷ್ಟೆ. ಬೆಳಗಿನಿಂದ ಅಂಥವು ಎಷ್ಟೋ ಎಸೆದಿದ್ದಳು.

ಇನ್ನು ಕೇಳಿ, ಎಲೆಯಡಿಕೆಪ್ರಿಯರಾದ ಮಹಾಜನರಿರಾ. ಸಮರವನ್ನು ಹೇಳುವ ಮೊದಲು ವಂದನೆ ಸಲ್ಲಬೇಕಾದವರಿಗೆ ಸಲ್ಲಲಿ. ಮೊದಲ ವಂದನೆ ಕರೆಂಟಿಗೆ. ಎರಡನೆಯದು, ಗೋಪುರದ ತುದಿಯಲ್ಲಿ ಕುಳಿತು ಭಕ್ತರಿಗೆ ಒಮ್ಮೆ ಒಂದು ಕಡ್ಡಿಯಾಗಿಯೂ ಒಮ್ಮೆ ಎರಡು ಕಡ್ಡಿಯಾಗಿಯೂ ದರ್ಶನವೀಯುವ ನೆಟ್‌ವರ್ಕಿಗೆ. ಮೂರನೆಯದು, ಎದ್ದಿರುವಾಗ ಯಾರ ಕಣ್ಣಿಗೂ ಬೀಳದೆ, ಮಲಗಿದಾಗ ಮಾತ್ರ ಲೋಕಕ್ಕೆಲ್ಲ ಗೊತ್ತಾಗುವ ಸರ್ವರ್ ಎಂಬ ಪರದೈವಕ್ಕೆ. ಈ ಮೂವರೂ ಕೈಬಿಡದಿದ್ದರೆ ಕಥೆ ಮುಂದೆ ಸಾಗೀತು.

ಕೃತಯುಗದಲ್ಲಿ ರೋಗವೇ ಇರಲಿಲ್ಲವಂತೆ. ತ್ರೇತಾಯುಗದಲ್ಲಿ ರೋಗ ಬಂದರೆ ಬೇರು ಅರೆದು ಕುಡಿಸುತ್ತಿದ್ದರು. ದ್ವಾಪರದಲ್ಲಿ ವೈದ್ಯನು ನಾಡಿ ಹಿಡಿದು, ಕಣ್ಣು ಮುಚ್ಚಿ, ತಿಂದದ್ದೇನು, ತಿನ್ನಬಾರದಿತ್ತೇನು ಎಂದು ಹೇಳಿಬಿಡುತ್ತಿದ್ದನು. ಕಲಿಯುಗದ ಮೊದಲ ಪಾದದಲ್ಲಿ ರೋಗಿಯು ತನ್ನ ಸಕಲ ರಿಪೋರ್ಟುಗಳನ್ನೂ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದನು. ಈಗ ನಡೆಯುತ್ತಿರುವ ಪಾದದಲ್ಲಿಯೋ, ಚೀಲ ಹೋಗಿ ಜಾಲ ಬಂದಿದೆ. ಗದಗಿನ ದವಾಖಾನೆಯ ಕಂಪ್ಯೂಟರಿನಲ್ಲಿ ಮಲಗಿರುವ ರೋಗಚರಿತ್ರೆಯು ಹುಬ್ಬಳ್ಳಿಯ ಕಂಪ್ಯೂಟರಿಗೆ ಕಣ್ಣು ಮಿಟುಕಿಸುವುದರೊಳಗೆ ಬರಬಲ್ಲುದು. ಆದರೆ ನಡುವೆ ಏಳು ಕೋಟೆ, ಏಳು ಅಗಳು. ರೋಗಿಯ ಒಪ್ಪಿಗೆಯಿಲ್ಲದೆ ರೋಗಿಯ ಗುಟ್ಟು ಊರು ದಾಟಬಾರದೆಂಬುದು ಕಟ್ಟಾಜ್ಞೆ. ಆ ಒಪ್ಪಿಗೆಯ ಕೀಲಿಕೈಯೇ ಒಟಿಪಿ. ಆರು ಅಂಕಿಯ ಆ ಗುಪ್ತಮಂತ್ರವು ರೋಗಿಯು ಹಿಂದೆ ಬರೆಸಿದ್ದ ಮೊಬೈಲಿಗೆ ಮಾತ್ರ ಇಳಿದು ಬರುತ್ತದೆ. ಒಲೆಯ ಮೇಲಿನ ಹಾಲು ಉಕ್ಕುವಷ್ಟು ಹೊತ್ತು ಬದುಕಿದ್ದು ಸತ್ತುಹೋಗುತ್ತದೆ.

ಆಜ್ಞೆ ಒಳ್ಳೆಯದೇ. ಯಾರು ಇಲ್ಲವೆಂದರು? ತಂಪು ಕೋಣೆಯಲ್ಲಿ ಕುಳಿತು ಅದನ್ನು ಬರೆದ ಪುಣ್ಯಾತ್ಮರು, ಒಬ್ಬೊಬ್ಬ ರೋಗಿಗೂ ಒಂದೊಂದು ಮೊಬೈಲು, ಒಂದೊಂದು ಮೊಬೈಲಿಗೂ ಒಬ್ಬೊಬ್ಬ ಒಡೆಯ ಎಂದುಕೊಂಡರಲ್ಲ, ಅವರು ಒಮ್ಮೆ ಹೂಗಾರ ಓಣಿಗೆ ಬರಬೇಕಿತ್ತು. ಇರಲಿ, ಬಾಯಿ ಕೆಡಿಸಿಕೊಳ್ಳುವುದು ಬೇಡ. ಕಥೆಗೆ ಬರೋಣ.

ಫಕ್ಕೀರೇಶನ ತಾಯಿ ಶಾವಂತ್ರವ್ವ. ಮಲ್ಲಿಗೆಮಾಲೆಗ್ರಥನಪ್ರವೀಣೆ; ಹೂ ಕಟ್ಟಿ ಕಟ್ಟಿ ಬೆರಳ ತುದಿಗಳಲ್ಲಿ ದಾರದ ಗೆರೆ ಬಿದ್ದವಳು. ಆಕೆಯ ಪಿತ್ತಕೋಶದಲ್ಲಿ ಕಲ್ಲುಗಳು ಬೀಡುಬಿಟ್ಟಿದ್ದವು. ಉಂಡ ಮೇಲೆ ಆಕೆ ಪಕ್ಕೆ ಹಿಡಿದುಕೊಂಡು, ಕಂಬಕ್ಕೆ ಆತು, ಮಗನಿಗೆ ಕೇಳಿಸಬಾರದೆಂದು ಸೆರಗು ಕಚ್ಚಿ ಕೂಡುವುದನ್ನು ಮಗ ನೋಡಿದ್ದ. ಅಂದೇ ಟಂಟಂನ ಹಿಂದಿನ ಸೀಟು ಕಿತ್ತು, ಗಾದಿ ಹಾಸಿ, ತಾಯಿಯನ್ನು ಮಲಗಿಸಿಕೊಂಡು ಹುಬ್ಬಳ್ಳಿಯ ಮೇಲೆ ದಂಡೆತ್ತಿ ಬರುವ ನಿಶ್ಚಯ ಮಾಡಿದ. ತಾರೀಖು ಸಿಕ್ಕಿತು. ಬಂದ. ಎಲ್ಲ ಸರಿಯಿತ್ತು. ಆಗ ಅರಿವಳಿಕೆಯ ವೈದ್ಯ, ನಿದ್ರಾಸ್ತ್ರಧಾರಿ ಡಾಕ್ಟರ್ ಹೊಸಕೇರಿಯವರು ಶಾವಂತ್ರವ್ವನನ್ನು ಒಂದು ಪ್ರಶ್ನೆ ಕೇಳಿದರು.

“ಅವ್ವಾರ, ಹಿಂದ ಯಾವದರ ಇಂಜೆಕ್ಷನ್ ನಿಮಗ ಆಗಿಬಂದಿಲ್ಲೇನ್ರಿ?”

“ಹೂಂ ರೀ ಎಪ್ಪಾ. ಗದಗಿನ ದವಾಖಾನ್ಯಾಗ ಒಂದು ಸೂಜಿ ತಂದ್ರು. ಕಣ್ಣಿಗೆ ಕತ್ತಲಿ ಬಂದು ದೊಪ್ಪಂತ ಬಿದ್ದಬಿಟ್ಟೆ. ಆಮ್ಯಾಲ ಏನಾತು ನನಗ ಗೊತ್ತಿಲ್ಲ.”

“ಯಾವ ಇಂಜೆಕ್ಷನ್ ಅದು?”

“ಬೆಳ್ಳಗಿತ್ರೀ.”

ವೈದ್ಯರು ಪೆನ್ನನ್ನು ಕಿಸೆಗೆ ಸಿಕ್ಕಿಸಿದರು. “ನೋಡ್ರಿ ತಮ್ಮಾ,” ಎಂದು ಫಕ್ಕೀರೇಶನ ಕಡೆಗೆ ತಿರುಗಿದರು, “ಅದು ಯಾವ ಔಷಧಿ ಅಂತ ಗೊತ್ತಾಗೋತನಕ ನಾ ಇವರಿಗೆ ಮತ್ತು ಬರೋ ಔಷಧಿ ಕೊಡಾಂಗಿಲ್ಲ. ಅದನ್ನ ನಾನೂ ಕೊಟ್ಟು ಹೆಚ್ಚುಕಡಿಮಿ ಆದ್ರ? ಗದಗಿನ ರಿಪೋರ್ಟ್ ಕೌಂಟರ್‌ನ್ಯಾಗ ತರಿಸ್ರಿ, ಈಗ ಬರ್ತದ. ಬರಲಿಲ್ಲಂದ್ರ ಇವತ್ತಿನ ಪಾಳಿ ಬ್ಯಾರೇದವರಿಗೆ. ನಿಮಗ ಮುಂದಿನ ತಾರೀಖು ದೀಪಾವಳಿ ಆದಮ್ಯಾಲ.”

ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟು ದಿನ ಕಂಬಕ್ಕೆ ಆತು ಕೂಡುವುದೆಂದರೇನು ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

ಹೀಗಾಗಿ ವೀರನು ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂಡಿಸಿಕೊಂಡು ಕೌಂಟರಿಗೆ ಬಂದ. ರೋಹಿಣಿಯು ಕೀಲಿ ಒತ್ತಿದಳು. “ಒಟಿಪಿ ಹೋತ್ರೀ. ಕೊನಿಗೆ ನಾಕು-ಏಳು ಐತಲ್ಲ, ಆ ನಂಬರಿಗೆ. ಬಂತೇನು ನೋಡ್ರಿ,” ಎಂದಳು. ಫಕ್ಕೀರೇಶನು ತನ್ನ ಮೊಬೈಲನ್ನು ತೆಗೆದು, ಶಿವಲಿಂಗವನ್ನು ಪ್ರತಿಷ್ಠಾಪಿಸುವ ಗಾಂಭೀರ್ಯದಿಂದ, ಕೌಂಟರಿನ ಕಲ್ಲಿನ ಮೇಲೆ ಇಟ್ಟ. ಎಲ್ಲರೂ ಅದನ್ನು ನೋಡಿದರು. ಅದು ಯಾರನ್ನೂ ನೋಡಲಿಲ್ಲ. ಗುಂಯ್ ಎನ್ನಲಿಲ್ಲ, ಮಿನುಗಲಿಲ್ಲ.

“ಇದಕ್ಕ ಬಂದಿಲ್ಲಂದ್ರ ಇವರ ನಂಬರ್ ಬ್ಯಾರೆ ಐತಿ. ಯಾವುದದು?”

“ನನಗೇನು ಗೊತ್ತರೀ. ಅವ್ವನ ಕಡೆ ಫೋನ ಇಲ್ಲ.”

ಆಗಲೇ ಆ ವಾಕ್ಯವು ಹೊರಟದ್ದು. ಆಗಲೇ ಅದು ನಾಟಿದ್ದು.

ಬಾಣ ತಗುಲಿದ ವೀರನ ಕಣ್ಣು ಕೆಂಪಾಯಿತು. ದೊಡ್ಡಾಟದಲ್ಲಿ ಪ್ರತಿವರ್ಷ ರಾಕ್ಷಸನ ಪಾತ್ರ ಮಾಡಿ ಪಳಗಿದ ಆತನ ಗಂಟಲು, ಅರ್ಧ ಓಣಿಯನ್ನು ಎಬ್ಬಿಸಬಲ್ಲ ಆ ಗಂಟಲು, ತಾನಾಗಿಯೇ ತೆರೆಯಿತು. ಒಂದು ಕಾಲು ಮುಂದಿಟ್ಟು, ಒಂದು ಕೈ ಸೊಂಟಕ್ಕೆ ಕೊಟ್ಟು, ಗರ್ಜಿಸಿದ:

“ನಾ ಯಾರಂತ ತಿಳದೀರಿ? ಗದಗ ಸ್ಟೇಷನ್ನಿನಿಂದ ಬೆಟಗೇರಿತನಕ ಹದಿನಾಕು ಮಂದಿ, ಎರಡು ಕುರಿ, ಒಂದು ಟ್ರಂಕು ಹೇರಿಕೊಂಡು ಗಾಳಿಗಿಂತ ಮುಂದ ಹೋಗಾಂವ ನಾನು! ಪೊಲೀಸ ಸೀಟಿ ಬಾಯಾಗ ಇಟ್ಟು ಊದೂದರಾಗ ಮೂರು ಗಲ್ಲಿ ದಾಟಿರ್ತೀನಿ! ಟಂಟಂ ಹಳ್ಳದಾಗ ಬಿದ್ರ ಒಬ್ಬನ ಎತ್ತಿ ನಿಲ್ಲಿಸೇನಿ! ಅವ್ವನ ಹೊಟ್ಟಿ ಅವ್ವಂದು, ಅವ್ವನ ಕಲ್ಲು ಅವ್ವಂದು, ಅದರ ರಿಪೋರ್ಟೂ ಅವ್ವಂದು! ಅದಕ್ಕ ಕೀಲಿ ಹಾಕಾಕ ನೀವ್ಯಾರು? ತಗೀರಿ! ಇಲ್ಲಾ ಗದಗಿಗೆ ಹೋಗಿ ಆ ಕಂಪ್ಯೂಟರನ್ನ ಬುಡಸಮೇತ ಕಿತ್ತು ತಂದು ಈ ಟೇಬಲ್ ಮ್ಯಾಲ ಒಗೀತೀನಿ!”

ಸಲೈನ್ ಬಾಟಲಿಯನ್ನು ತಾನೇ ಎತ್ತಿ ಹಿಡಿದು ನಿಂತಿದ್ದ ಮುದುಕನೊಬ್ಬ “ಭಲೆ!” ಎಂದ. ರೋಹಿಣಿಯು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು.

“ಕೂಗಬ್ಯಾಡ್ರಿ. ಒಟಿಪಿ ಹೇಳ್ರಿ.”

ಹದಿನಾಲ್ಕು ಮಂದಿಯೂ ಎರಡು ಕುರಿಯೂ ಒಂದು ಟ್ರಂಕೂ ಈ ಮಾತಿನ ಮುಂದೆ ಪುಡಿಪುಡಿಯಾದವು.

ಆಗ ಗಾಲಿಕುರ್ಚಿಯಿಂದ ಒಂದು ಕೈ ಬಂದು ವೀರನ ಅಂಗಿಯ ಚುಂಗು ಎಳೆಯಿತು. “ಎಪ್ಪಾ,” ಎಂದಳು ಶಾವಂತ್ರವ್ವ, ಮೆಲ್ಲಗೆ. “ನಾಕು-ಏಳು ಅಂದ್ರ… ಅದು ಗೂಳಪ್ಪಂದು.”

“ಯಾವ ಗೂಳಪ್ಪ?”

“ಯಾವ ಗೂಳಪ್ಪ ಅಂದ್ರ? ಗಿರಣಿ ಗೂಳಪ್ಪ.”

ಹಾ! ಭೂಮಿ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಫಕ್ಕೀರೇಶನು ಸಂತೋಷದಿಂದ ಒಳಗೆ ಇಳಿಯುತ್ತಿದ್ದನು. ಯಾರು ಆ ಗೂಳಪ್ಪ? ಹೂಗಾರ ಓಣಿಯ ಮೂಲೆಯ ಹಿಟ್ಟಿನ ಗಿರಣಿಯ ಅಧಿಪತಿ. ಜೋಳಚೂರ್ಣಧವಳಿತಗಾತ್ರ, ಹುಬ್ಬಿನ ಮೇಲೂ ಹಿಟ್ಟು, ಕಿವಿಯ ಕೂದಲ ಮೇಲೂ ಹಿಟ್ಟು. ಬೆಲ್ಟುಚಕ್ರಭ್ರಮಣನಿನಾದದಿಂದ ಅರ್ಧ ಕಿವುಡಾದ ವೃದ್ಧಸಿಂಹ. ಒಂದು ವರ್ಷದ ಕೆಳಗೆ ಯಾರದೋ ಬ್ಯಾಡಗಿ ಮೆಣಸಿನಕಾಯಿ ಕುಟ್ಟಿ, ಕಲ್ಲು ಜಾಡಿಸದೆ, ಅದರ ಹಿಂದೆಯೇ ಶಾವಂತ್ರವ್ವನ ಜೋಳ ಬೀಸಿಬಿಟ್ಟಿದ್ದ. ಆ ರಾತ್ರಿ ಆ ಹಿಟ್ಟಿನ ರೊಟ್ಟಿ ತಿಂದ ಫಕ್ಕೀರೇಶನು ಒಂದು ಕೊಡ ನೀರು ಕುಡಿದನು. ಮರುದಿನ ಗಿರಣಿಯ ಕಟ್ಟೆಯ ಮೇಲೆ ನಿಂತು, ಬೀಸಿಸಲು ಬಂದ ಸಮಸ್ತ ಹೆಂಗಸರ ಎದುರಿಗೆ, “ಕಲಬೆರಕಿ ಗೂಳ್ಯಾ!” ಎಂದು ಘೋಷಿಸಿದನು, ಇನ್ನು ಈತನ ಕೂಡ ಒಂದು ಮಾತಾಡಿದರೆ ತಾನು ತನ್ನಪ್ಪನಿಗೆ ಹುಟ್ಟಿದವನಲ್ಲವೆಂದು ಆಣೆಯಿಟ್ಟನು. ಅಂದಿನಿಂದ ಜೋಳದ ಡಬ್ಬಿಯನ್ನು ಟಂಟಂನಲ್ಲಿ ಹೇರಿಕೊಂಡು ಬೆಟಗೇರಿಯ ಗಿರಣಿಗೆ ಹೋಗಿ ಬರುತ್ತಿದ್ದನು. ಡೀಸೆಲ್ ಎಷ್ಟೇ ಸುಡಲಿ, ಆಣೆ ಆಣೆಯೇ.

“ಅವ್ವಾ, ಅವನ ನಂಬರ್ ಯಾಕ ಕೊಟ್ಟಿ?”

“ಕಾರ್ಡ್ ಮಾಡಾಕ ದವಾಖಾನಿ ಹುಡುಗ್ಯಾರು ಬಂದಿದ್ರಲ್ಲ, ಗಿರಣಿ ಕಟ್ಟಿ ಮ್ಯಾಲ ಕುಂತಿದ್ರು. ಫೋನ ನಂಬರ್ ಹೇಳ್ರಿ ಅಂದ್ರು. ಗಿರಣಿ ಗ್ವಾಡಿ ಮ್ಯಾಲ ದಪ್ಪ ಅಕ್ಷರದಾಗ ಬರದೈತಲ್ಲ, ಅದನ್ನ ಹೇಳಿದೆ. ನಾ ಒಬ್ಬಾಕಿನ ಅಲ್ಲಪ್ಪಾ. ಓಣಿ ಹೆಂಗಸರೆಲ್ಲಾ ಅದನ್ನ ಹೇಳ್ಯಾರ. ಮೆಸೇಜ್ ಬಂದ್ರ ಗೂಳಪ್ಪಣ್ಣ ಗಿರಣಿ ನಿಲ್ಲಿಸಿ, ಕಟ್ಟಿ ಮ್ಯಾಲ ನಿಂತು ಕರೀತಾನ. ‘ಏ ದ್ಯಾಮವ್ವಾ, ನಿನ್ನ ಸಕ್ರಿ ರಿಪೋರ್ಟ್ ಬಂದೈತಿ ಬಾ’ ಅಂತಾನ.”

ಏಳು ಕೋಟೆ, ಏಳು ಅಗಳುಗಳ ನಡುವೆ ಅಡಗಿಸಿಟ್ಟ ಸಕ್ಕರೆ ಕಾಯಿಲೆಯು ಹೂಗಾರ ಓಣಿಯನ್ನು ತಲುಪುವ ರೀತಿ ಇದು!

“ನನ್ನ ನಂಬರ್ ಇರಲಿಲ್ಲೇನು ನಿನಗ?” ಎಂದ ಮಗ. ದನಿ ಗರ್ಜನೆಯಿಂದ ಇಳಿದಿತ್ತು.

“ಯಾವ ನಂಬರ್ ಹೇಳ್ಲೋ ತಮ್ಮಾ? ಆಫರ್ ಐತಿ ಅಂತ ತಿಂಗಳಾ ಸಿಮ್ ಬದಲಿ ಮಾಡ್ತಿ. ಅವಂದು ಹದಿನೈದು ವರ್ಷದಿಂದ ಒಂದ ಐತಿ.” ಇಷ್ಟು ಹೇಳಿ ಆ ತಾಯಿಯು ಶತ್ರುವಿನ ಹತ್ತೂ ಅಂಕಿಗಳನ್ನು, ಹೂ ಪೋಣಿಸಿದಂತೆ, ಒಂದೂ ತಪ್ಪದೆ ಹೇಳಿಬಿಟ್ಟಳು.

ಈಗ ನೋಡಿ ವೀರನ ಅವಸ್ಥೆಯನ್ನು. ಒಂದು ಕಡೆ ಆಣೆ. ಇನ್ನೊಂದು ಕಡೆ ಅವ್ವ. ಒಂದು ಕಡೆ ಕಟ್ಟೆಯ ಮೇಲೆ ನಿಂತು ಕೇಳಿಸಿಕೊಂಡ ಹೆಂಗಸರು. ಇನ್ನೊಂದು ಕಡೆ ಆಪರೇಶನ್ ಥಿಯೇಟರಿನ ಹಸಿರು ಪರದೆ. ಆತನು ಮೊಬೈಲನ್ನು ಎತ್ತಿದನು, ಇಳಿಸಿದನು. ಮತ್ತೆ ಎತ್ತಿದನು. ಅಂಕಿಗಳನ್ನು ಒತ್ತುವಾಗ ಎರಡು ಸಲ ತಪ್ಪಿದನು. ಕೋಪದಿಂದ ಎಂದು ಬರೆದುಕೊಳ್ಳಿ.

ಅತ್ತ ಗಂಟೆ ಮೊಳಗಿತು. ಎತ್ತಿದ ಕೂಡಲೇ ಪ್ರಳಯಕಾಲದ ಮೋಡಗಳು ಒಂದಕ್ಕೊಂದು ಡಿಕ್ಕಿ ಹೊಡೆದಂತೆ ಗಿರಣಿಯ ಸದ್ದು ಕೌಂಟರಿನ ತುಂಬ ಹರಡಿತು. ಕೇಳಿಸದೆಂದು ವೀರನು ಸ್ಪೀಕರ್ ಹಾಕಿದ್ದನು.

“ಹಲೋ! ಯಾರು?”

“ನಾನು!”

“ನಾನು ಅಂದ್ರ ಯಾರು? ನಾನೂ ನಾನ!”

“ನಾನು! ಫಕ್ಕೀರೇಶ!”

ಗಿರಣಿ ಸದ್ದು ಮಾಡುತ್ತಲೇ ಇತ್ತು. ಅದರೊಳಗಿಂದ ಗೂಳಪ್ಪ ಹೇಳಿದ: “ಯಾವ ಫಕ್ಕೀರೇಶ? ನನಗೊಬ್ಬಾಂವ ಗೊತ್ತಿದ್ದ. ಅಂವ ನನ್ನ ಕೂಡ ಮಾತಾಡಾಂಗಿಲ್ಲಂತ ಆಣಿ ಮಾಡ್ಯಾನ.”

ಸಭೆಯಲ್ಲಿ ಕಿಸಕ್ಕನೆ ಯಾರೋ ನಕ್ಕರು. ವೀರನು ಹಲ್ಲು ಕಡಿದು, “ಅವ್ವನ ಆಪರೇಶನ್ ಐತಿ. ನಿನ್ನ ಫೋನಿಗೆ ಆರು ಅಂಕಿ ಬಂದಾವ. ಹೇಳು,” ಎಂದ.

“ಹೇಳ್ತೀನಿ ಹೇಳ್ತೀನಿ. ಆದ್ರ ನೀ ಫಕ್ಕೀರ್ಯಾನ ಅಂತ ನಾ ಹೆಂಗ ನಂಬಲಿ? ಈಗೀಗ ಕಳ್ಳರು ಯಾರ್‍ಯಾರದೋ ಹೆಸರು ಹೇಳಿ ಫೋನ ಮಾಡ್ತಾರ. ಅವನ ದನಿ ನಾ ಕೇಳಿ ವರ್ಷ ಆತು.”

“ಎಕ್ಸ್‌ಪೈರ್ ಆತ್ರೀ,” ಎಂದಳು ರೋಹಿಣಿ, ಪರದೆಯಿಂದ ಕಣ್ಣೆತ್ತದೆ. “ಮತ್ತೊಂದು ಕಳಸ್ತೀನಿ. ಲಗೂನ ಮುಗಸ್ರಿ.”

ಹೀಗೆ ಮೊದಲನೆಯ ಒಟಿಪಿಯು, ಹುಟ್ಟಿದ ಓಣಿಯನ್ನು ಬಿಟ್ಟು ಬೇರೆ ಲೋಕವನ್ನೇ ಕಾಣದೆ, ಗಿರಣಿಯ ಧೂಳಿನಲ್ಲಿ ವೀರಮರಣವನ್ನಪ್ಪಿತು. ಎರಡನೆಯದು ಹೊರಟಿತು.

“ಗುರುತಿಗೆ ಏನು ಹೇಳ್ಬೇಕು?” ಎಂದ ಫಕ್ಕೀರೇಶ.

“ಅವತ್ತು ಕಟ್ಟಿ ಮ್ಯಾಲ ನಿಂತು ನನಗೇನಂದಿ? ಅದನ್ನ ಹೇಳು. ಫಕ್ಕೀರ್ಯಾ ಆದ್ರ ಮರ್ತಿರಾಂಗಿಲ್ಲ.”

ಅಯ್ಯೋ ವಿಧಿಯೇ! ಬೈಗುಳವೇ ಪಾಸ್‌ವರ್ಡ್ ಆಗಿ ಎದುರು ನಿಂತಿತು! ಬೈದಾಗ ಆತನ ಹಿಂದೆ ಓಣಿಯಿತ್ತು, ಬಾಯಿಯಲ್ಲಿ ಖಾರವಿತ್ತು, ರಕ್ತದಲ್ಲಿ ಕುದಿಯಿತ್ತು. ಈಗ, ತಂಪುಗಾಳಿ ಬೀಸುವ ಸಭಾಮಂಟಪದಲ್ಲಿ, ಅಪರಿಚಿತರ ನಡುವೆ, ಸಹಾಯ ಬೇಡುತ್ತ ಅದೇ ಮಾತನ್ನು ಹೇಳಬೇಕು. ವೀರನು ಮೊಬೈಲನ್ನು ಬಾಯಿಗೆ ಹಿಡಿದು ಪಿಸುಗುಟ್ಟಿದ.

“ಕೇಳಸವಲ್ತು! ಗಿರಣಿ ನಡದೈತಿ! ಜೋರ ಹೇಳು!”

“ಕಲಬೆರಕಿ ಗೂಳ್ಯಾ ಅಂದಿದ್ದೆ!”

ಎಕ್ಸ್‌ರೇ ಕೋಣೆಯ ಮುಂದೆ ಸಾಲಿನಲ್ಲಿ ನಿಂತವರೂ ತಿರುಗಿ ನೋಡಿದರು. ಸಲೈನ್ ಹಿಡಿದ ಮುದುಕ ಬಾಟಲಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹತ್ತಿರ ಸರಿದ. ಅತ್ತ ಕಡೆಯಿಂದ ಬಂದ ದನಿಯಲ್ಲಿ ಒಂದು ತೃಪ್ತಿಯಿತ್ತು.

“ಹೌದು. ಫಕ್ಕೀರ್ಯಾನ ನೀನು. ಖಾತ್ರಿ ಆತು.”

“ಹಂಗಾರ ಹೇಳು!”

“ಹೇಳಾಂಗಿಲ್ಲ.”

“ಯಾಕ?”

“ಮೆಸೇಜಿನಾಗ ಬರದೈತಲ್ಲಪಾ. ‘ಇದನ್ನು ಯಾರಿಗೂ ಹೇಳಬೇಡಿ’ ಅಂತ. ಫಕ್ಕೀರೇಶನ ಬಿಟ್ಟು ಅಂತ ಬರದಿಲ್ಲ. ನನ್ನ ಫೋನಿನ್ಯಾಗ ಓಣಿ ಹೆಂಗಸರ ಮರ್ಯಾದಿ ಐತಿ. ಯಾರದೋ ಗಂಡ ಬಂದು ಕೇಳಿದ್ರ ಕೊಡ್ಲೇನು? ಯಾರದೋ ಮಗ ಬಂದು ಕೇಳಿದ್ರ ಕೊಡ್ಲೇನು? ಯಾರದು ಬಂದೈತೋ ಅವರ ಬರಬೇಕು, ಕೇಳಬೇಕು. ಇಷ್ಟು ದಿನ ಹಂಗ ಕೊಟ್ಟೀನಿ, ಮುಂದೂ ಹಂಗ ಕೊಡಾಂವ. ಕಲಬೆರಕಿ ನಾ ಮಾಡಾಂಗಿಲ್ಲ.”

ಎಲೈ ಕೇಳುಗರೇ, ಜಗತ್ತಿನ ಪಂಡಿತರೆಲ್ಲ ಕೂಡಿ ಕಟ್ಟಿದ ಆ ಏಳು ಕೋಟೆಗಳಿಗೆ ಎಂಟನೆಯದೊಂದು ಕೋಟೆ ಇದೆಯೆಂಬುದು ಯಾವ ನಕಾಶೆಯಲ್ಲಿಯೂ ಇರಲಿಲ್ಲ. ಅದು ಮೈತುಂಬ ಹಿಟ್ಟು ಮೆತ್ತಿಕೊಂಡು, ಲುಂಗಿ ಎತ್ತಿ ಕಟ್ಟಿ, ಹೂಗಾರ ಓಣಿಯ ಮೂಲೆಯಲ್ಲಿ ನಿಂತಿತ್ತು.

“ನಿನ್ನ ಗಿರಣಿ ಬೆಲ್ಟು ಹರೀಲಿ! ನಿನ್ನ ಕಲ್ಲು ಸವದು ನಾಣ್ಯದಷ್ಟು ಆಗ್ಲಿ!” ಎಂದು ವೀರನು ಶಪಿಸಿದ. “ನಿನ್ನ ಟಂಟಂ ಪಂಚರ್ ಆಗ್ಲಿ! ಅದೂ ಒಂದಲ್ಲ, ಮೂರೂ ಗಾಲಿ!” ಎಂದು ಅತ್ತಣಿಂದ ಪ್ರತಿಶಾಪ ಬಂದಿತು. ಶಾಪಕ್ಕೆ ಶಾಪ, ಮಾತಿಗೆ ಮಾತು, ಮೆಣಸಿನಕಾಯಿಗೆ ಮೆಣಸಿನಕಾಯಿ ತಾಗಿ ಕಿಡಿಗಳುದುರಿ, ಎರಡನೆಯ ಒಟಿಪಿಯೂ ಆ ಕಿಡಿಗಳಲ್ಲಿ ಬೆಂದು ಬೂದಿಯಾಯಿತು.

“ಎಕ್ಸ್‌ಪೈರ್,” ಎಂದಳು ರೋಹಿಣಿ. ಈ ಸಲ ಹೆಡ್‌ಫೋನನ್ನು ಪೂರ್ತಿ ತೆಗೆದಿಟ್ಟಿದ್ದಳು. “ಮತ್ತೊಂದು ಕಳಿಸೇನಿ, ಇದು ಕಡೀದು ನೋಡ್ರಿ. ಮೂರು ಸಲ ಆದ್ರ ಲಾಕ್ ಆಗ್ತದ. ನಾಳಿಗೇ ತಗೀತದ. ಆಮ್ಯಾಲ ನನ್ನ ಕೈಯಾಗೂ ಇಲ್ಲ.”

ಅದೇ ಸಮಯಕ್ಕೆ ಹಸಿರು ಪರದೆ ಸರಿಯಿತು. ಡಾಕ್ಟರ್ ಹೊಸಕೇರಿಯವರು ಕತ್ತು ಹೊರಗೆ ಹಾಕಿ ಕೌಂಟರಿನ ಕಡೆಗೊಮ್ಮೆ, ಗೋಡೆಯ ಗಡಿಯಾರದ ಕಡೆಗೊಮ್ಮೆ ನೋಡಿ, “ಬಂದಿಲ್ಲೇನು ಇನ್ನ? ಸಿಸ್ಟರ್, ಮುಂದಿನ ಪೇಶಂಟಿಗೆ ಗೌನ್ ಹಾಕ್ರಿ,” ಎಂದರು.

ಫಕ್ಕೀರೇಶನು ಸುತ್ತ ನೋಡಿದನು. ಎತ್ತಿ ನಿಲ್ಲಿಸಲು ಟಂಟಂ ಇರಲಿಲ್ಲ. ದಾಟಲು ಗಲ್ಲಿ ಇರಲಿಲ್ಲ. ಆತನ ತೋಳಿನ ಬಲವೆಲ್ಲ ಬೆರಳಿನ ತುದಿಗೆ ಬಂದು ಮೊಬೈಲನ್ನು ಹಿಂಡುತ್ತಿತ್ತು.

ಎಲ್ಲರೂ ವೀರನನ್ನು ನೋಡುತ್ತಿದ್ದರು. ಗಾಲಿಕುರ್ಚಿಯ ಕಡೆಗೆ ಯಾರೂ ನೋಡಿರಲಿಲ್ಲ. ರೋಹಿಣಿ ನೋಡಿರಲಿಲ್ಲ, ವೈದ್ಯರು ನೋಡಿರಲಿಲ್ಲ, ಸಲೈನ್ ಮುದುಕ ನೋಡಿರಲಿಲ್ಲ. ಕವಿಗಳಾದ ನಾವೂ ಸಮರದ ಸಡಗರದಲ್ಲಿ ಮರೆತೇಬಿಟ್ಟಿದ್ದೆವು. ಹೊಟ್ಟೆ ಯಾರದೋ, ಕಲ್ಲು ಯಾರದೋ, ಗುಟ್ಟು ಯಾರದೋ, ಆ ಹೆಂಗಸು ಪಕ್ಕೆ ಹಿಡಿದುಕೊಂಡು ಅಷ್ಟೂ ಹೊತ್ತು ಅಲ್ಲಿಯೇ ಕುಳಿತಿದ್ದಳು.

“ಕೊಡಿಲ್ಲೆ ಫೋನು,” ಎಂದಳು ಶಾವಂತ್ರವ್ವ.

ಮಗ ಕೊಟ್ಟ.

“ಗೂಳಪ್ಪಣ್ಣಾ. ನಾ.”

ಅತ್ತ ಕಡೆಯಲ್ಲಿ ಪ್ರಳಯ ನಿಂತಿತು. ಬೆಲ್ಟು ಗುರ್ ಗುರ್ ಎಂದು ನಿಧಾನವಾಗಿ, ಕೊನೆಯದೊಂದು ಸುತ್ತು ಸುತ್ತಿ, ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಗೂಳಪ್ಪನ ದನಿ ಬೇರೆ ಯಾರದೋ ದನಿಯಂತಿತ್ತು.

“ಯಾಕವಾ ತಂಗಿ? ಹೆಂಗದೀ? ನೋವು ಭಾಳ ಐತೇನು?”

“ಐತಿ. ನನ್ನ ಹಳೇ ಕಾಗದ ಬೇಕಂತ ಇವರಿಗೆ. ನಿನ್ನ ಫೋನಿಗೆ ಅಂಕಿ ಬಂದಾವಂತ. ನಂದು ಐತಿ, ನಾನ ಕೇಳಾಕತ್ತೀನಿ. ಹೇಳು.”

“ನಿಂದು ನೀ ಕೇಳಿದ್ರ ಮುಗೀತಲ್ಲವಾ. ಮೊದ್ಲ ನೀನ ಮಾಡಬಾರದೇನು ಫೋನು? ತಡಿ, ಕಣ್ಣಡ್ಕ ಹಾಕ್ಕೋತೀನಿ.”

ಕನ್ನಡಕ ಸಿಗಲು ಹೊತ್ತಾಯಿತು. ಅದರ ಗಾಜಿನ ಮೇಲಿನ ಹಿಟ್ಟು ಒರೆಸಲು ಹೊತ್ತಾಯಿತು. ಆಮೇಲೆ ಗೂಳಪ್ಪನು ಒಂದೊಂದೇ ಅಂಕಿ ಹೇಳಿದ, ಶಾವಂತ್ರವ್ವ ಒಂದೊಂದನ್ನೂ ಜೋರಾಗಿ ಹೇಳಿದಳು, ಸಲೈನ್ ಮುದುಕ ಮಗ್ಗಿ ಒಪ್ಪಿಸುವಂತೆ ಅದನ್ನು ಮತ್ತೊಮ್ಮೆ ಹೇಳಿದ, ಬೆಂಚಿನ ಮೇಲಿನ ಇಬ್ಬರು ಹೆಂಗಸರು ಖಾತ್ರಿಗೆಂದು ಮೂರನೆಯ ಸಲ ಹೇಳಿದರು. ಯಾರಿಗೂ ಹೇಳಬಾರದ ಆ ಗುಪ್ತಮಂತ್ರವು ಹೀಗೆ ಸಮಸ್ತ ಸಭೆಯ ಸಾಮೂಹಿಕ ಪಾರಾಯಣದೊಡನೆ ರೋಹಿಣಿಯ ಕೀಲಿಮಣೆಯನ್ನು ಪ್ರವೇಶಿಸಿತು.

ಕೋಟೆಯ ಬಾಗಿಲುಗಳು ತೆರೆದವು! ಒಂದು, ಎರಡು, ಏಳು! ಗದಗಿನಿಂದ ಹೊರಟ ಶಾವಂತ್ರವ್ವನ ರೋಗಚರಿತ್ರೆಯು, ಕಳ್ಳನ ಕೈಗೆ ಸಿಕ್ಕರೂ ಓದಲಾಗದಂತೆ ಗೂಢಲಿಪಿಯ ಕವಚ ತೊಟ್ಟು, ಯಾವ ಯಾವ ದೇಶದ ಯಾವ ಯಾವ ಯಂತ್ರಗಳನ್ನು ಹೊಕ್ಕು ಹೊರಬಂದು, ಕವಚ ಕಳಚಿ, ಹುಬ್ಬಳ್ಳಿಯ ಪರದೆಯ ಮೇಲೆ ವಿಜಯಲಕ್ಷ್ಮಿಯಂತೆ ಬೆಳಗಿತು. ಡಾಕ್ಟರ್ ಹೊಸಕೇರಿಯವರು ಓಡಿ ಬಂದು ಕೌಂಟರಿನೊಳಗೆ ಬಾಗಿ, ಕನ್ನಡಕ ಹಣೆಗೇರಿಸಿ, ಓದಿದರು. ಓದಿ ನೆಟ್ಟಗೆ ನಿಂತರು. ಮತ್ತೆ ಬಾಗಿ ಓದಿದರು.

“ಏನ್ ಔಷಧಿರೀ ಸಾಹೇಬ್ರ ಅದು?” ಎಂದ ಫಕ್ಕೀರೇಶ.

ವೈದ್ಯರು ಗಟ್ಟಿಯಾಗಿ ಓದಿದರು: “ರೋಗಿಯು ಉಪವಾಸದಲ್ಲಿದ್ದರು. ಸೂಜಿಯನ್ನು ನೋಡಿ ಮೂರ್ಛೆ ಹೋದರು. ಇಂಜೆಕ್ಷನ್ ಕೊಡಲಿಲ್ಲ. ಚಹಾ ಮತ್ತು ಬಿಸ್ಕೀಟು ಕೊಟ್ಟು ಮನೆಗೆ ಕಳಿಸಲಾಯಿತು.”

ಸಭೆಯು ಶಾವಂತ್ರವ್ವನ ಕಡೆಗೆ ತಿರುಗಿತು.

“ಹೂಂ,” ಎಂದಳು ಆಕೆ, ನೆನಪಿಸಿಕೊಂಡು. “ಅವತ್ತು ಶ್ರಾವಣ ಸ್ವಾಮಾರ ಇತ್ತು. ಬಿಸ್ಕೀಟು ಚೊಲೊ ಇದ್ವು.”

ವೈದ್ಯರು ಗಾಲಿಕುರ್ಚಿಯ ಹಿಡಿಕೆಯನ್ನು ತಾವೇ ಹಿಡಿದರು. ಹಸಿರು ಪರದೆಯ ಹತ್ತಿರ ಹೋಗುವಾಗ ಆಕೆ ಮಗನ ಕೈ ಮುಟ್ಟಿ, “ಚಹಾ ಕುಡಿ ಹೋಗು. ಮುಂಜಾನಿಂದ ಏನೂ ತಿಂದಿಲ್ಲ ನೀ,” ಎಂದಳು. ಪರದೆ ಮುಚ್ಚಿತು. ದೀಪಾವಳಿಯು ತನ್ನ ಜಾಗಕ್ಕೆ ತಾನು ಹಿಂದೆ ಸರಿಯಿತು. ಸಲೈನ್ ಮುದುಕ ತನ್ನ ಬಾಟಲಿ ಖಾಲಿಯಾಗಿ ಎಷ್ಟೋ ಹೊತ್ತಾಗಿದೆಯೆಂದು ಆಗ ಕಂಡುಕೊಂಡ.

ವೀರ ಫಕ್ಕೀರೇಶನು ಕಣ್ಣೊರೆಸಿಕೊಂಡು, ಅಂಗಿ ಜಾಡಿಸಿಕೊಂಡು, ಎದೆಯುಬ್ಬಿಸಿ ನಿಂತನು. ಎಷ್ಟೆಂದರೂ ಗೆಲುವು ಗೆಲುವೇ. ಆಗ ರೋಹಿಣಿಯು ಕಿಂಡಿಯೊಳಗಿಂದ ಕರೆದಳು. ಈ ಸಲ ದನಿ ಮೆತ್ತಗಿತ್ತು.

“ಅಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ. ಗಡಿಬಿಡಿಯಾಗ ಅಂದೆ. ಮುಂದ ಹಿಂಗ ಆಗಬಾರದು. ಅವ್ವಾರಿಗೆ ಹೇಳಿ, ಅವರು ಹೂಂ ಅಂದ್ರ ನಿಮ್ಮ ನಂಬರ್‌ನೂ ಸೇರಿಸ್ತೀನಿ. ಹೇಳ್ರಿ, ನಿಮ್ಮ ನಂಬರ್ ಎಷ್ಟು?”

ಬಂದಿತು ಪ್ರತೀಕಾರದ ಘಳಿಗೆ! ಇಡೀ ಸಭೆ ಕೇಳುವಂತೆ ಹತ್ತು ಅಂಕಿಗಳನ್ನು ಗುಡುಗಲು ವೀರನು ಬಾಯಿ ತೆರೆದನು. ಮೊದಲ ಎರಡು ಅಂಕಿ ಬಂದವು. ಮೂರನೆಯದಕ್ಕೆ ತಡೆದನು. ಅದು ಶ್ರಾವಣದ ಸಿಮ್ಮಿನದೋ, ಅದರ ಹಿಂದಿನದೋ? ಹೋದ ವಾರ ಬಸ್‌ಸ್ಟ್ಯಾಂಡಿನ ಛತ್ರಿಯ ಕೆಳಗೆ ಆಫರಿನಲ್ಲಿ ಕೊಂಡದ್ದರ ಕೊನೆಗೆ ಎಂಟೋ, ಆರೋ? ಬಾಯಿ ತೆರೆದೇ ಇತ್ತು.

ಅವ್ವ ಕೌಂಟರಿನ ಕಲ್ಲಿನ ಮೇಲೆ ಇಟ್ಟುಹೋಗಿದ್ದ ಮೊಬೈಲು, ಯಾರೂ ಕರೆ ಕತ್ತರಿಸಲು ನೆನೆಯದ ಆ ಮೊಬೈಲು, ಕೆಮ್ಮಿತು.

“ಏ ಫಕ್ಕೀರ್ಯಾ,” ಎಂದಿತು ಗೂಳಪ್ಪನ ದನಿ. “ನಿನ್ನ ನಂಬರ್ ಇಲ್ಲೆ ನನ್ನ ಫೋನಿನ್ಯಾಗ ಎದ್ದು ಕಾಣಾಕತ್ತೈತಿ. ಆದ್ರ ನಿನ್ನ ಒಪ್ಪಿಗಿ ಇಲ್ಲದ ಯಾರಿಗೂ ಹೇಳಾಂಗಿಲ್ಲ ನಾನು. ಹೂಂ ಅನ್ನು. ಆ ಅಕ್ಕಾರಿಗೆ ಹೇಳಿಬಿಡ್ಲೇನು?”

ರೋಹಿಣಿ ಕಾದಳು. ಮುದುಕ ಕಾದ. ಬೆಂಚು ಕಾಯಿತು.

ತ್ರಿಚಕ್ರರಥಾರೂಢನೂ ಹಾರ್ನ್‌ಘೋಷಭಯಂಕರನೂ ಆದ ಫಕ್ಕೀರೇಶನು ಮೊಬೈಲನ್ನು ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡು, ಗಾಜಿನ ಬಾಗಿಲು ತಳ್ಳಿ, ಚಹಾದಂಗಡಿಯ ಕಡೆಗೆ ನಡೆದ. ಕಿಸೆಯೊಳಗೆ ಗಿರಣಿ ಮತ್ತೆ ಶುರುವಾಗಿತ್ತು. ಅದರ ನಡುವೆ “ಹೇಳ್ಲೇನೋ?” ಎಂಬ ಕೂಗು ಮೆಟ್ಟಿಲಿಳಿಯುವತನಕ ಕೇಳಿಸುತ್ತಲೇ ಇತ್ತು.